ಹೆಗಲ ಪಟ್ಟಿಯ ಕಥೆ: ಡೊಳ್ಳಿನಿಂದ ಗಿಟಾರಿನವರೆಗೆ

ಚರಿತ್ರೆ ಎಂದೊಡನೆ ನಿಮಗೆ ರಾಜರು, ಯುದ್ಧಗಳು, ಶಾಸನಗಳು ನೆನಪಾಗುತ್ತವೆ. ಆದರೆ ಕಾಲೇಜಿನ ವಾರ್ಷಿಕೋತ್ಸವದಲ್ಲಿ ಗಿಟಾರ್ ನುಡಿಸುವ ಗೆಳೆಯನ ಹೆಗಲ ಮೇಲಿನ ಬೆಲ್ಟಿಗೂ ಒಂದು ಚರಿತ್ರೆಯಿದೆ. ಆ ಬೆಲ್ಟು ಕಳಚಿದರೆ ಮೂರು ನಾಲ್ಕು ಕಿಲೋ ತೂಕದ ಎಲೆಕ್ಟ್ರಿಕ್ ಗಿಟಾರ್ ನೆಲಕ್ಕೆ ಬೀಳುತ್ತದೆ. ಮನೆಯವರು ಕೂಡಿಟ್ಟ ಹಣದಿಂದ ಕೊಂಡ ವಾದ್ಯ ಕ್ಷಣಮಾತ್ರದಲ್ಲಿ ಮುರಿದುಹೋಗಬಹುದು. ವಾದ್ಯವನ್ನು ಮೈಗೆ ಭದ್ರವಾಗಿ ತೂಗಿಸಿಕೊಳ್ಳುವುದು ಹೇಗೆ? ಈ ಪ್ರಶ್ನೆ ಎಲೆಕ್ಟ್ರಿಕ್ ಗಿಟಾರಿಗಿಂತ ಬಹಳ ಹಳೆಯದು.

ದಾವಣಗೆರೆ ಸೀಮೆಯ ಬೀರಪ್ಪನ ಜಾತ್ರೆಗಳಲ್ಲಿ ನೀವು ಡೊಳ್ಳು ಕುಣಿತವನ್ನು ನೋಡಿರಬಹುದು. ಹಾಲುಮತ ಕುರುಬರ ಈ ಕಲೆಯಲ್ಲಿ ಕಲಾವಿದರು ಭಾರವಾದ ಡೊಳ್ಳನ್ನು ಹೊತ್ತು ಜಿಗಿಯುತ್ತಾರೆ, ಬಾಗುತ್ತಾರೆ, ಒಬ್ಬರ ಮೇಲೊಬ್ಬರು ಹತ್ತಿ ನಿಲ್ಲುತ್ತಾರೆ. ಆದರೂ ಡೊಳ್ಳು ಜಾರುವುದಿಲ್ಲ. ಕಾರಣ ಸರಳ: ಅಲ್ಲಿ ಕಳಚಿಕೊಳ್ಳುವ ಕೊಂಡಿಯಿಲ್ಲ. ಹಗ್ಗವನ್ನೋ ಬಟ್ಟೆಯನ್ನೋ ಮೈಗೆ ಬಿಗಿದು ಗಂಟು ಹಾಕಿರುತ್ತಾರೆ.

ಗಿಟಾರಿನ ದಾರಿ ಬೇರೆ. ಮೊದಲು ಅದನ್ನು ಹೆಚ್ಚಾಗಿ ಕುಳಿತೇ ನುಡಿಸುತ್ತಿದ್ದರು. ಹಲವು ಅಕೌಸ್ಟಿಕ್ ಗಿಟಾರುಗಳಿಗೆ ಬುಡದಲ್ಲಿ ಒಂದೇ ಗುಂಡಿ. ಬೆಲ್ಟಿನ ಇನ್ನೊಂದು ತುದಿಯನ್ನು ದಾರದಿಂದ ತಲೆಯ ಭಾಗಕ್ಕೆ ಕಟ್ಟುತ್ತಿದ್ದರು. ಅಮೆರಿಕದ ಫೆಂಡರ್ ಕಂಪನಿ 1950ರಲ್ಲಿ ಗಟ್ಟಿ ಮರದ ಎಲೆಕ್ಟ್ರಿಕ್ ಗಿಟಾರನ್ನು ಮಾರುಕಟ್ಟೆಗೆ ತಂದಿತು. ನಿಂತು ನುಡಿಸುವವರಿಗೆ ಎರಡು ಲೋಹದ ಗುಂಡಿಗಳು ಬಂದವು. ಗಂಟಿನ ಬದಲು ಬೆಲ್ಟಿನ ತೂತನ್ನು ಗುಂಡಿಗೆ ಸಿಕ್ಕಿಸಿದರೆ ಸಾಕಾಯಿತು. ಸುಲಭವೇನೋ ಆಯಿತು, ಆದರೆ ತೂತು ಸವೆದು ಅಗಲವಾದರೆ ಬೆಲ್ಟು ಹೊರಳಿ ಕಳಚತೊಡಗಿತು.

ಪರಿಹಾರ ತಿಳಿಯಲು ದಾವಣಗೆರೆಯಿಂದ ಸುಮಾರು 14 ಕಿ.ಮೀ. ದೂರದ ಹರಿಹರವನ್ನು ನೆನೆಯೋಣ. 1224ರಲ್ಲಿ ಹೊಯ್ಸಳ ದಂಡನಾಯಕ ಪೋಲಾಳ್ವ ಕಟ್ಟಿಸಿದ ಹರಿಹರೇಶ್ವರ ದೇವಾಲಯ ಅಲ್ಲಿದೆ. 1941ರಲ್ಲಿ ಆರಂಭವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಆ ಊರನ್ನು ಲೇತ್ ಯಂತ್ರಗಳಿಗೆ ಹೆಸರುವಾಸಿ ಮಾಡಿತು. ಈಗ ಅದು ಮುಚ್ಚಿದೆ. ಯಂತ್ರ ಬಲ್ಲವರಿಗೆ ಒಂದು ಪಾಠ ಚೆನ್ನಾಗಿ ಗೊತ್ತು: ಅಲುಗಾಡುವ ಭಾಗ ಸಡಿಲವಾಗುತ್ತದೆ, ಅಲ್ಲಿಗೆ ವಾಷರ್ ಬೇಕು.

ಗಿಟಾರ್ ವಾದಕರು ಕಂಡುಕೊಂಡದ್ದೂ ಅದನ್ನೇ. ಹಾಲೆಂಡಿನ ಒಂದು ಬಗೆಯ ಬಿಯರ್ ಬಾಟಲಿಯ ಮುಚ್ಚಳಕ್ಕಿರುವ ರಬ್ಬರ್ ಉಂಗುರವನ್ನು ಅವರು ಬೆಲ್ಟು ಸಿಕ್ಕಿಸಿದ ಮೇಲೆ ಗುಂಡಿಗೆ ತೊಡಿಸಿದರು. ಬೆಲೆಬಾಳುವ ಬೀಗಗಳು ಅಂಗಡಿಗೆ ಬಂದ ಮೇಲೂ ಈ ಉಪಾಯ ಉಳಿದಿದೆ.

ನಿಮಗೆ ಆ ಬಾಟಲಿಯೂ ಬೇಡ. ಸೈಕಲ್ ಅಂಗಡಿಯಿಂದ ಹಳೆಯ ಟ್ಯೂಬಿನ ತುಂಡು ತನ್ನಿ. ಬೆಲ್ಟಿನ ತೂತಿಗಿಂತ ದೊಡ್ಡದಾದ ಬಿಲ್ಲೆ ಕತ್ತರಿಸಿ, ನಡುವೆ ಗುಂಡಿಯ ತಲೆಗಿಂತ ಚಿಕ್ಕ ತೂತು ಮಾಡಿ. ಮೊದಲು ಬೆಲ್ಟು, ಅದರ ಮೇಲೆ ಬಿಲ್ಲೆಯನ್ನು ಎಳೆದು ತೊಡಿಸಿ. ರಬ್ಬರ್ ಗುಂಡಿಯ ಕತ್ತನ್ನು ಬಿಗಿಯಾಗಿ ಹಿಡಿದು, ಬೆಲ್ಟು ಹೊರಬರದಂತೆ ತಡೆಯುತ್ತದೆ. ರಬ್ಬರ್ ಗಿಟಾರಿನ ಪಾಲಿಶಿಗೆ ತಾಗದಿರಲಿ, ಕಲೆಯಾಗಬಹುದು. ಒಂದೇ ಗುಂಡಿಯಿದ್ದರೆ ಶೂ ಲೇಸನ್ನು ತಂತಿಗಳ ಕೆಳಗೆ ತೂರಿಸಿ ತಲೆಯ ಭಾಗಕ್ಕೆ ಕಟ್ಟಿರಿ. ಗುಂಡಿಯ ಸ್ಕ್ರೂ ಸಡಿಲವಾಗಿದ್ದರೆ ಮದ್ದು ತೆಗೆದ ಬೆಂಕಿಕಡ್ಡಿಯನ್ನು ಮರದ ಅಂಟಿನಲ್ಲಿ ಅದ್ದಿ ತೂತಿಗೆ ತುರುಕಿ, ಒಣಗಿದ ಮೇಲೆ ಸ್ಕ್ರೂ ತಿರುಗಿಸಿ. ಮೊದಲ ಪರೀಕ್ಷೆ ಹಾಸಿಗೆಯ ಮೇಲೆಯೇ ನಡೆಯಲಿ.

ಇವುಗಳಲ್ಲಿ ಯಾವುದನ್ನೂ ದೊಡ್ಡ ಸಂಶೋಧನೆ ಎಂದು ಯಾರೂ ಬರೆದಿಡಲಿಲ್ಲ. ಕೈಗೆ ಸಿಕ್ಕಿದ ವಸ್ತುವಿನಿಂದ ತನ್ನ ವಾದ್ಯವನ್ನು ಕಾಪಾಡಿಕೊಳ್ಳುವ ಜಾಣ್ಮೆಯಲ್ಲಿ ಡೊಳ್ಳಿನವರೂ ಗಿಟಾರಿನವರೂ ಒಂದೇ ಸಾಲಿನವರು. ಇಂಥ ಜಾಣ್ಮೆಯ ಚರಿತ್ರೆ ಕೈಯಿಂದ ಕೈಗೆ ದಾಟುತ್ತದೆ. ನಿಮ್ಮ ಊರಿನ ಹಿರಿಯ ಕಲಾವಿದರನ್ನು ಕೇಳಿ, ಅವರು ಗಂಟು ಹಾಕುವ ಬಗೆಯನ್ನು ನೋಡಿ ಬರೆದಿಡಿ.