ತಿಸಾ ತೀರದ ಸೆಗೆಡ್ ನಗರವೂ ಅಲ್ಲಿನ ಯೆಹೂದ್ಯರೂ

ಹಂಗೆರಿಯ ದಕ್ಷಿಣಭಾಗದಲ್ಲಿ, ಮರೋಶ್ ನದಿಯು ತಿಸಾ ನದಿಯನ್ನು ಕೂಡುವೆಡೆಯಲ್ಲಿ ನೆಲಸಿರುವ ಸೆಗೆಡ್ ಪಟ್ಟಣದ ಅಭ್ಯುದಯವನ್ನು ಬಣ್ಣಿಸಹೊರಟವರು ಸಾಮಾನ್ಯವಾಗಿ 1879ರ ಮಹಾಪ್ರವಾಹದಿಂದಲೇ ಉಪಕ್ರಮಿಸುತ್ತಾರೆ. ಆದರೆ ಆ ಪ್ರವಾಹಕ್ಕೆ ಸುಮಾರು ನೂರು ವರ್ಷ ಮೊದಲೇ ಪಟ್ಟಣದ ವಾಣಿಜ್ಯವನ್ನು ಹೊಕ್ಕಿದ್ದ ಯೆಹೂದ್ಯ ಕುಟುಂಬಗಳನ್ನು ಮರೆತರೆ ಪುನರ್ನಿರ್ಮಾಣದ ಚರಿತ್ರೆ ಅಪೂರ್ಣವಾಗುವುದು. ಈ ಕುಟುಂಬಗಳನ್ನು ಇಲ್ಲಿಗೆ ಸೆಳೆದದ್ದು ಅರಸರ ಔದಾರ್ಯವೆನ್ನುವುದಕ್ಕಿಂತ ನದಿಯೆನ್ನುವುದೇ ಯುಕ್ತ; ಶಾಸನವು ಬಹುಮಟ್ಟಿಗೆ ವ್ಯಾಪಾರದ ಹಿಂದೆ ಹಿಂದೆಯೇ ನಡೆದುಬಂದಿತು.

ಹಂಗೆರಿಯ ಸ್ವತಂತ್ರ ರಾಜನಗರಗಳು ಯೆಹೂದ್ಯರಿಗೆ ವಾಸದ ಹಕ್ಕನ್ನು ಕೊಡುತ್ತಿರಲಿಲ್ಲ. ಸೆಗೆಡ್ ಅಂಥ ನಗರಗಳಲ್ಲೊಂದು. ಎರಡನೆಯ ಜೋಸೆಫ್ ಚಕ್ರವರ್ತಿಯು 1783ರಲ್ಲಿ ಹೊರಡಿಸಿದ ಆಜ್ಞೆಯು ಈ ಪ್ರತಿಬಂಧವನ್ನು ಸಡಿಲಿಸಿದೊಡನೆ ಅಲ್ಲಿ ಬೀಡುಬಿಟ್ಟವರ ಸಂಖ್ಯೆ ಅಲ್ಪವೇ ಆದರೂ, 1787ರ ಹೊತ್ತಿಗೆ ಅವರು ರೋಗಿಗಳ ಶುಶ್ರೂಷೆಗೂ ಮೃತರ ಸಂಸ್ಕಾರಕ್ಕೂ ಮೀಸಲಾದ ಧರ್ಮಸಂಘವೊಂದನ್ನು ಸ್ಥಾಪಿಸಿಕೊಂಡರು. ರುದ್ರಭೂಮಿಗೆ ಏರ್ಪಾಡು ಮಾಡಿಕೊಂಡ ಜನ ಊರನ್ನು ಬಿಡುವ ಯೋಚನೆಯುಳ್ಳವರಲ್ಲ! ಬಯಲುಸೀಮೆಯ ಧಾನ್ಯ, ಉಣ್ಣೆ, ತೊಗಲು, ಟ್ರಾನ್ಸಿಲ್ವೇನಿಯದ ಕಾಡುಗಳಿಂದ ಮರೋಶ್ ನದಿಯಲ್ಲಿ ತೆಪ್ಪಗಳಾಗಿ ತೇಲಿಬರುತ್ತಿದ್ದ ಮರ, ಇವುಗಳ ಕ್ರಯವಿಕ್ರಯದಲ್ಲಿ ಅವರು ಕ್ರಮೇಣ ಅಗ್ರಗಣ್ಯರಾದರು. ಗಣಿಪಟ್ಟಣಗಳ ಹೊರತು ದೇಶದ ಇತರೆಡೆಗಳಲ್ಲಿ ಯೆಹೂದ್ಯರು ನೆಲಸಬಹುದೆಂದು ಸಾರಿದ 1840ರ ಶಾಸನವು, ಸೆಗೆಡ್ಡಿನ ಮಟ್ಟಿಗೆ, ಆಗಲೇ ನಡೆದುಹೋಗಿದ್ದುದಕ್ಕೆ ಒತ್ತಿದ ಮುದ್ರೆಯಷ್ಟೇ.

ಶಾಸನವು ವ್ಯಾಪಾರವನ್ನು ಹಿಂದಿಕ್ಕಿದ ಪ್ರಸಂಗ ಒಂದೇ ಒಂದು. ಅದು ನಡೆದುದೂ ಈ ಪಟ್ಟಣದಲ್ಲಿಯೇ. ಆಸ್ಟ್ರಿಯದ ವಿರುದ್ಧ ನಡೆದ ಹಂಗೆರಿಯ ಸ್ವಾತಂತ್ರ್ಯಸಮರದ ಕೊನೆಯ ದಿನಗಳಲ್ಲಿ ಪೆಶ್ಟ್ ನಗರವನ್ನು ತೊರೆದುಬಂದು ಸೆಗೆಡ್ಡಿನಲ್ಲಿ ಸೇರಿದ್ದ ರಾಷ್ಟ್ರಸಭೆಯು 1849ರ ಜುಲೈ 28ರಂದು ಯೆಹೂದ್ಯರಿಗೆ ಸಮಾನ ನಾಗರಿಕತ್ವವನ್ನು ಘೋಷಿಸಿತು. ಎರಡು ವಾರ ಕಳೆಯುತ್ತಲೇ ಹಂಗೆರಿಯ ಸೈನ್ಯ ಶರಣಾಗತವಾಗಿ ಶಾಸನ ನಿಷ್ಫಲವಾಯಿತು. ಆ ಹಕ್ಕು ಮತ್ತೆ ಕೈಸೇರಿದುದು 1867ರಲ್ಲಿ. ಕ್ರಾಂತಿಪಕ್ಷವನ್ನು ಬೆಂಬಲಿಸಿ ಸೆರೆವಾಸವನ್ನನುಭವಿಸಿದ್ದ ರಬ್ಬಿ ಲಿಪೋಟ್ ಲ್ಯೋವ್ 1850ರಲ್ಲಿ ಸೆಗೆಡ್ಡಿಗೆ ಬಂದರು; ಹಂಗೆರಿಯ ಭಾಷೆಯಲ್ಲಿ ಧರ್ಮೋಪನ್ಯಾಸ ಮಾಡುವ ಪರಿಪಾಠಕ್ಕೆ ಮೊದಲಿಗರಲ್ಲೊಬ್ಬರಾದ ಅವರು, 1858ರಿಂದ 1867ರವರೆಗೆ ‘ಬೆನ್ ಖನನ್ಯ’ ಎಂಬ ಜರ್ಮನ್ ಭಾಷೆಯ ವಿದ್ವತ್ಪತ್ರಿಕೆಯನ್ನು ಈ ಊರಿನಿಂದಲೇ ನಡೆಯಿಸಿ, ಧಾನ್ಯದ ಪೇಟೆಯೆಂದಷ್ಟೇ ಪ್ರಸಿದ್ಧವಾಗಿದ್ದ ಪಟ್ಟಣಕ್ಕೆ ಯೂರೋಪಿನ ಪಂಡಿತಮಂಡಲಿಯಲ್ಲಿ ಸ್ಥಾನವನ್ನು ದೊರಕಿಸಿದರು.

1879ರ ಮಾರ್ಚ್ 12ರ ರಾತ್ರಿ ತಿಸಾ ನದಿ ಕಟ್ಟೆಯೊಡೆದು ನುಗ್ಗಿದಾಗ, ಸುಮಾರು 5,700 ಮನೆಗಳಲ್ಲಿ ಉಳಿದವು 265 ಮಾತ್ರ. 1843ರಲ್ಲಿ ಪೂರ್ಣಗೊಂಡಿದ್ದ ಹಳೆಯ ಸಿನಗಾಗಿನ ಗೋಡೆಯಲ್ಲಿ ಅಂದಿನ ನೀರಿನ ಮಟ್ಟವನ್ನು ಹಂಗೆರಿಯ ಮತ್ತು ಹೀಬ್ರೂ ಭಾಷೆಗಳೆರಡರಲ್ಲಿಯೂ ಗುರುತಿಸಿಟ್ಟಿದ್ದಾರೆ. ಲಾಯೋಶ್ ತಿಸಾ ಎಂಬ ರಾಜಪ್ರತಿನಿಧಿಯ ನೇತೃತ್ವದಲ್ಲಿ ವರ್ತುಲಾಕಾರದ ಬೀದಿಗಳ ಹೊಸ ನಗರ ಮೈದಳೆದಾಗ, ಮರದ ವ್ಯಾಪಾರವನ್ನು ಕರಗತಮಾಡಿಕೊಂಡಿದ್ದ ವರ್ತಕರು ನಗರದೊಡನೆ ತಾವೂ ಬೆಳೆದರು. ಅವರ ಐಶ್ವರ್ಯಕ್ಕೂ ಆತ್ಮವಿಶ್ವಾಸಕ್ಕೂ ಶಿಖರಪ್ರಾಯವಾದುದು, ವಾಸ್ತುಶಿಲ್ಪಿ ಲಿಪೋಟ್ ಬೌಮ್‌ಹಾರ್ನ್ ರೂಪಿಸಿ 1903ರಲ್ಲಿ ಉದ್ಘಾಟಿತವಾದ ಹೊಸ ಸಿನಗಾಗ್. ಅದರ ಅಲಂಕಾರಗಳ ಸಂಕೇತಾರ್ಥಗಳನ್ನು ನಿರ್ದೇಶಿಸಿದವರು ರಬ್ಬಿ ಲಿಪೋಟ್ ಲ್ಯೋವ್ ಅವರ ಮಗ, ರಬ್ಬಿ ಇಮ್ಮಾನುವೆಲ್ ಲ್ಯೋವ್. ಯೆಹೂದ್ಯ ಗ್ರಂಥಗಳಲ್ಲಿ ಉಲ್ಲೇಖಗೊಂಡ ಸಸ್ಯಗಳನ್ನು ಕುರಿತು ನಾಲ್ಕು ಸಂಪುಟಗಳ ಬೃಹತ್ಕೃತಿಯನ್ನು ಮುಂದೆ ಬರೆದ ಈ ವಿದ್ವಾಂಸರ ಸಸ್ಯಪ್ರೇಮವು ಆ ಮಂದಿರದ ಬಣ್ಣದ ಗಾಜುಗಳಲ್ಲಿಯೂ ಅರಳಿದೆ. ಹಣವಂತರ ವೈಭವಪ್ರದರ್ಶನವೆಂದು ಇದನ್ನು ತಳ್ಳಿಹಾಕುವವರ ಮಾತನ್ನು ನಾನು ಒಪ್ಪಲಾರೆ.

ಉದ್ಯಮದ ವಿಷಯದಲ್ಲಿ ಒಂದೇ ನಿದರ್ಶನ ಸಾಕು. ಮಾರ್ಕ್ ಪಿಕ್ 1869ರಲ್ಲಿ ತೆರೆದ ವ್ಯಾಪಾರಸಂಸ್ಥೆಯು 1880ರ ದಶಕದಲ್ಲಿ ಸಲಾಮಿ ಎಂಬ ಒಣ ಹಂದಿಮಾಂಸದ ತಯಾರಿಕೆಗೆ ತೊಡಗಿ ಊರಿನ ಹೆಸರನ್ನು ದೇಶದೇಶಗಳಿಗೆ ಹರಡಿತು. ಹಂದಿಮಾಂಸ ನಿಷಿದ್ಧವಾದ ಧರ್ಮದಲ್ಲಿ ಹುಟ್ಟಿದವನಿಂದ ಇಂಥ ಉದ್ಯಮ ಬೆಳೆದುದು ಚರಿತ್ರೆಯ ವಿನೋದಗಳಲ್ಲೊಂದು.

ಈ ಏಳಿಗೆ ಎರಡನೆಯ ಮಹಾಯುದ್ಧದಲ್ಲಿ ಮುರಿದುಬಿತ್ತು: 1944ರ ಜೂನ್ ತಿಂಗಳಲ್ಲಿ ಸೆಗೆಡ್ಡಿನ ಯೆಹೂದ್ಯರನ್ನು ರೈಲುಗಳಲ್ಲಿ ತುಂಬಿ ಹೊರಗಟ್ಟಲಾಯಿತು. ತೊಂಬತ್ತರ ವಯಸ್ಸಿನ ಇಮ್ಮಾನುವೆಲ್ ಲ್ಯೋವ್ ಬುಡಾಪೆಸ್ಟಿನಲ್ಲಿ ರೈಲಿನಿಂದಿಳಿಸಲ್ಪಟ್ಟು ಅದೇ ವರ್ಷ ಅಲ್ಲಿಯೇ ತೀರಿಕೊಂಡರು. ಹೊರಟವರಲ್ಲಿ ಒಂದು ಭಾಗ ಆಷ್‌ವಿಟ್ಸ್‌ಗೂ ಮತ್ತೊಂದು ಭಾಗ ಆಸ್ಟ್ರಿಯದ ಸ್ಟ್ರಾಸ್‌ಹೋಫ್‌ಗೂ ಸಾಗಿಸಲ್ಪಟ್ಟಿತು. ಸ್ಟ್ರಾಸ್‌ಹೋಫಿಗೆ ಹೋದವರಲ್ಲಿ ಬಹುಮಂದಿ ಜೀವಸಹಿತ ಉಳಿದುದರಿಂದ, ಯುದ್ಧಾನಂತರ ಹಂಗೆರಿಯ ಎಷ್ಟೋ ಪಟ್ಟಣಗಳಲ್ಲಿ ಸಾಧ್ಯವಾಗದುದು ಸೆಗೆಡ್ಡಿನಲ್ಲಿ ಸಾಧ್ಯವಾಗಿ, ಯೆಹೂದ್ಯ ಸಮಾಜವು ಅಲ್ಲಿ ಪುನಃ ಸಂಘಟಿತವಾಯಿತು.