ಹೈತಿಯ ಮೊರೆಯೂ ಹೊರನಾಡಿನ ಕಿವಿಯೂ

ನಾಡಿನಲ್ಲಿ ನೆರೆ ಬಂದಾಗ ಅಥವಾ ಬರ ಬಿದ್ದಾಗ ಹೊರನಾಡಿನಲ್ಲಿರುವ ನಾವು ಮೊದಲು ಮಾಡುತ್ತಿದ್ದ ಕೆಲಸವೆಂದರೆ ರಸೀದಿ ಪುಸ್ತಕ ಹಿಡಿದು ಮನೆಮನೆಗೆ ಹೋಗುವುದು. ಈಗ ಆ ಪುಸ್ತಕದ ಸ್ಥಾನವನ್ನು ವಾಟ್ಸ್‌ಆಪ್ ಗುಂಪು ಆಕ್ರಮಿಸಿದೆ. ಸಂದೇಶ ಹೋಗುತ್ತದೆ, ಹಣ ಬರುತ್ತದೆ. ದೂರದಲ್ಲಿರುವವರಿಂದ ಆಗುವ ಸಹಾಯ ಇಷ್ಟೇ ಎಂದು ನಾವು ಸಮಾಧಾನ ತಂದುಕೊಳ್ಳುತ್ತೇವೆ. ಅದು ಇಷ್ಟೇ ಅಲ್ಲವೆಂಬುದನ್ನು ಕೆರಿಬಿಯನ್ ಸಮುದ್ರದ ಹೈತಿ ಎಂಬ ಪುಟ್ಟ ಬಡ ದೇಶದ ಅನುಭವ ತೋರಿಸಿಕೊಟ್ಟಿದೆ.

2010ರ ಜನವರಿ 12ರ ಸಂಜೆ ಆ ದೇಶದ ರಾಜಧಾನಿಯಾದ ಪೋರ್ಟ್ ಓ ಪ್ರಿನ್ಸ್‌ನ ಸಮೀಪ 7.0 ಪ್ರಮಾಣದ ಭೂಕಂಪವಾಯಿತು. ಅಧ್ಯಕ್ಷರ ಅರಮನೆಯೇ ಕುಸಿಯಿತೆಂದ ಮೇಲೆ ಬಡವರ ಮನೆಗಳ ಪಾಡನ್ನು ಹೇಳಬೇಕಾಗಿಲ್ಲ. ಲಕ್ಷಕ್ಕೂ ಮಿಕ್ಕಿ ಜನ ಪ್ರಾಣ ಕಳೆದುಕೊಂಡರು. ಈ ಸಂಕಟದಲ್ಲಿ ಮೊಬೈಲ್ ಫೋನು ಎರಡು ಬಗೆಯಲ್ಲಿ ಬಳಕೆಗೆ ಬಂತು.

ಮೊದಲನೆಯದು ಹಣ ಸಂಗ್ರಹ. ಅಮೆರಿಕದಲ್ಲಿರುವವರು ‘ಹೈತಿ’ ಎಂಬ ಒಂದೇ ಪದವನ್ನು 90999 ಸಂಖ್ಯೆಗೆ ಕಳುಹಿಸಿದರೆ ಸಾಕು, ಅವರ ಫೋನ್ ಬಿಲ್ಲಿಗೆ 10 ಡಾಲರ್ ಸೇರಿ ಅಲ್ಲಿನ ರೆಡ್‌ಕ್ರಾಸ್ ಸಂಸ್ಥೆಗೆ ಸಲ್ಲುತ್ತಿತ್ತು. ಹೀಗೆ ಹತ್ತು ಹತ್ತು ಡಾಲರಿನಂತೆ ಮೂರು ಕೋಟಿ ಡಾಲರಿಗೂ ಮೀರಿದ ಮೊತ್ತ ಕೂಡಿತು.

ಎರಡನೆಯ ಬಳಕೆಗೆ ಅಷ್ಟು ಪ್ರಚಾರ ದೊರೆಯಲಿಲ್ಲ. ಸಂತ್ರಸ್ತರು ತಾವಿರುವ ಸ್ಥಳವನ್ನೂ ಬೇಕಾದ ನೆರವನ್ನೂ 4636 ಎಂಬ ಸಂಖ್ಯೆಗೆ ಉಚಿತವಾಗಿ ಬರೆದು ಕಳುಹಿಸುವ ಏರ್ಪಾಟು ಕೆಲವೇ ದಿನಗಳಲ್ಲಿ ಸಿದ್ಧವಾಯಿತು. ಆದರೆ ಒಂದು ತೊಡಕಿತ್ತು. ಸಂದೇಶಗಳೆಲ್ಲ ಬಹುಮಟ್ಟಿಗೆ ಹೈತಿಯ ಆಡುಮಾತಾದ ಕ್ರಿಯೋಲಿನಲ್ಲಿದ್ದವು. ಹೊರಗಿನಿಂದ ಬಂದ ರಕ್ಷಣಾ ತಂಡಗಳಿಗೆ ಆ ಭಾಷೆ ಬಾರದು. ಯಾವ ಗಲ್ಲಿಯ ಯಾವ ಚರ್ಚಿನ ಹಿಂದೆ ಎಂದು ಬರೆದಿದ್ದರೂ ಅವರಿಗೆ ಅದರ ಗುರುತು ಹತ್ತುತ್ತಿರಲಿಲ್ಲ.

ಆಗ ನೆರವಿಗೆ ನಿಂತವರು ಹೊರದೇಶಗಳಲ್ಲಿ ನೆಲೆಸಿದ್ದ ಹೈತಿಯವರು. ತಾವಿದ್ದ ಊರಿನಲ್ಲೇ ಗಣಕಯಂತ್ರದ ಮುಂದೆ ಕುಳಿತು ಹತ್ತಾರು ಸಾವಿರ ಸಂದೇಶಗಳನ್ನು ಇಂಗ್ಲಿಷಿಗೆ ತಿರುಗಿಸಿದರು. ಹುಟ್ಟಿ ಬೆಳೆದ ಕೇರಿಗಳ ಗುರುತು ಹೇಳಿದರು. 2008ರಲ್ಲಿ ಕೆನ್ಯಾದ ಚುನಾವಣೋತ್ತರ ಹಿಂಸಾಚಾರವನ್ನು ದಾಖಲಿಸಲು ಹುಟ್ಟಿದ ‘ಉಷಾಹಿದಿ’ ಎಂಬ ನಕ್ಷಾ ವ್ಯವಸ್ಥೆ ಇಲ್ಲಿ ಕೆಲಸಕ್ಕೆ ಬಂತು. ಬಾಸ್ಟನ್ ಬಳಿಯ ಟಫ್ಟ್ಸ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಮಾಹಿತಿಯನ್ನು ಅದರಲ್ಲಿ ಗುರುತಿಸಿದರು. ಬಂದ ಮೊರೆಗಳಿಗೆಲ್ಲ ನೆರವು ಮುಟ್ಟಲಿಲ್ಲವೆಂಬುದು ನಿಜ. ಆದರೂ ತಾಯ್ನಾಡನ್ನು ಬಿಟ್ಟು ಹೋದವರ ಮಾತೃಭಾಷೆ ಆ ದಿನಗಳಲ್ಲಿ ರಕ್ಷಣೆಯ ಸಾಧನವಾಯಿತು.

ಹಣದ ಕಥೆ ಮುಂದೇನಾಯಿತು? ಹೈತಿಗಾಗಿ ಎಲ್ಲ ಮಾರ್ಗಗಳಿಂದ ಸುಮಾರು 50 ಕೋಟಿ ಡಾಲರ್ ಸಂಗ್ರಹಿಸಿದ ಅಮೆರಿಕದ ರೆಡ್‌ಕ್ರಾಸ್ ಅಲ್ಲಿ ಕಟ್ಟಿದ ಶಾಶ್ವತ ಮನೆಗಳು ಆರೇ ಎಂದು 2015ರಲ್ಲಿ ಪ್ರೊಪಬ್ಲಿಕಾ ಮತ್ತು ಎನ್‌ಪಿಆರ್ ಎಂಬ ಸುದ್ದಿಸಂಸ್ಥೆಗಳು ವರದಿ ಮಾಡಿದವು. ಸಂಸ್ಥೆ ಆ ಟೀಕೆಯನ್ನು ಒಪ್ಪಲಿಲ್ಲ. ತಾತ್ಕಾಲಿಕ ಆಶ್ರಯ, ನೀರು, ಆರೋಗ್ಯಕ್ಕೂ ವೆಚ್ಚ ಮಾಡಿದ್ದೇವೆಂದು ಉತ್ತರ ಕೊಟ್ಟಿತು. ವಾದ ಏನೇ ಇರಲಿ, ಕೊಟ್ಟವರ ಮನಸ್ಸಿನಲ್ಲಿ ಸಂಶಯ ಉಳಿಯಿತು. ಕ್ಷಣದಲ್ಲಿ ಹಣ ಕೂಡಿಸುವ ಯಂತ್ರಕ್ಕೆ ಲೆಕ್ಕ ಒಪ್ಪಿಸುವ ಹೊಣೆ ತಿಳಿಯದು. ಆ ಹೊಣೆ ಮನುಷ್ಯರದೇ.

ನಮ್ಮ ದೇಶದಲ್ಲೂ ಅದೇ 2010ರಲ್ಲಿ ಛತ್ತೀಸ್‌ಗಢದಲ್ಲಿ ‘ಸಿಜಿನೆಟ್ ಸ್ವರ’ ಆರಂಭವಾಯಿತು. ಪತ್ರಕರ್ತ ಶುಭ್ರಾಂಶು ಚೌಧರಿ ಇದರ ಸ್ಥಾಪಕರು. ಓದು ಬಾರದ ಆದಿವಾಸಿಯೂ ಸಾಧಾರಣ ಮೊಬೈಲಿನಿಂದ ತನ್ನ ಅಹವಾಲನ್ನು ಹಿಂದಿಯಲ್ಲೋ ಗೊಂಡಿಯಲ್ಲೋ ಮಾತಿನಲ್ಲೇ ದಾಖಲಿಸಬಹುದಾಗಿತ್ತು. ಅದನ್ನು ಕೇಳಿ, ಪರಿಶೀಲಿಸಿ, ಇತರರಿಗೆ ಕೇಳಿಸುವ ಜನರಿದ್ದುದೇ ಈ ಪ್ರಯತ್ನದ ಜೀವಾಳ. ಕೇಳುವ ಕಿವಿಯಿಲ್ಲದಿದ್ದರೆ ಎಷ್ಟು ಫೋನುಗಳಿದ್ದರೂ ವ್ಯರ್ಥ.

ನಮ್ಮ ಸಂಘಗಳಿಗೆ ಇದರಿಂದ ಪಾಠವಿದೆ. ನಮ್ಮಲ್ಲಿ ಬೀದರದವರಿದ್ದಾರೆ, ಬಾಗಲಕೋಟೆಯವರಿದ್ದಾರೆ, ಕೊಡಗಿನವರಿದ್ದಾರೆ. ಯಾವ ಸದಸ್ಯರಿಗೆ ಯಾವ ತಾಲ್ಲೂಕಿನ ಪರಿಚಯವಿದೆ, ಯಾರಿಗೆ ತುಳು, ಕೊಡವ, ಕೊಂಕಣಿ ಬರುತ್ತದೆ ಎಂಬ ಪಟ್ಟಿಯೊಂದನ್ನು ಆಪತ್ತಿಗೆ ಮುನ್ನವೇ ಬರೆದಿಡೋಣ. ಬಂದ ಮೊರೆಯನ್ನು ಹತ್ತು ಗುಂಪುಗಳಿಗೆ ದಾಟಿಸುವ ಮೊದಲು ಊರಿಗೊಂದು ಫೋನ್ ಮಾಡಿ ನಿಜವೇ ಎಂದು ಕೇಳೋಣ. ಹಣ ಕೇಳಿದ ಗುಂಪಿನಲ್ಲೇ ಖರ್ಚಿನ ಲೆಕ್ಕವನ್ನೂ ಹಾಕೋಣ. ಮನೆಯಲ್ಲಿ ಮಕ್ಕಳೊಡನೆ ಕನ್ನಡ ಮಾತಾಡಬೇಕೆಂದು ನಾವು ಹೇಳುತ್ತಲೇ ಬಂದಿದ್ದೇವೆ. ಅದಕ್ಕೆ ಈಗ ಇನ್ನೊಂದು ಕಾರಣ ಸೇರಿದೆ: ಊರಿನಿಂದ ಮೊರೆ ಬಂದ ದಿನ ಅದು ನಮ್ಮ ಮಕ್ಕಳಿಗೂ ಅರ್ಥವಾಗಬೇಕು.