ಕೀಟಗಳ ಶ್ರವಣ: ಅಧ್ಯಯನದ ಚರಿತ್ರೆ

ಚಿಮ್ಮಂಡೆಯ ಕಿವಿ ಮುಂಗಾಲಿನಲ್ಲಿದೆ, ಮಿಡತೆಯದು ಹೊಟ್ಟೆಯ ಬದಿಯಲ್ಲಿ, ಗಂಡು ಸೊಳ್ಳೆಯದು ಮೀಸೆಯ ಬುಡದಲ್ಲಿ. ಇವನ್ನು ಕಿವಿಯೆಂದು ಒಪ್ಪಲು ವಿದ್ವಾಂಸರಿಗೆ ಬಹಳ ಕಾಲ ಹಿಡಿಯಿತು. ಸೇಡಂ, ಚಿತ್ತಾಪುರ, ಚಿಂಚೋಳಿ ಸೀಮೆಯ ತೊಗರಿ ಬೆಳೆಗಾರರಿಗೆ ಈ ಚರಿತ್ರೆಯ ಪಾತ್ರಧಾರಿಯೊಂದು ಚೆನ್ನಾಗಿ ಗೊತ್ತು: ಕಾಯಿಕೊರಕ ಹುಳು, ಬೆಳೆದಾಗ ಪತಂಗ.

ಫ್ರಾನ್ಸಿನ ಕೀಟಶಾಸ್ತ್ರಜ್ಞ ಫಾಬ್ರ್ 19ನೇ ಶತಮಾನದಲ್ಲಿ, ಊರಹಬ್ಬಕ್ಕೆ ಹಾರಿಸುವ ತೋಪುಗಳನ್ನು ತಂದು ಜೀರುಂಡೆಗಳು ಕೂಗುತ್ತಿದ್ದ ಮರದಡಿ ಸಿಡಿಸಿದ. ಕೂಗು ನಿಲ್ಲಲಿಲ್ಲ, ಜೀರುಂಡೆ ಕಿವುಡೆಂದು ಅವನು ಬಗೆದ. ಶಹಾಬಾದ್, ವಾಡಿಯ ಸುಣ್ಣಗಲ್ಲು ಗಣಿಗಳ ಸಿಡಿಮದ್ದಿಗೆ ಬೆಚ್ಚುವುದು ನಮ್ಮ ಕಿವಿ. ಆ ಅಳತೆಗೋಲನ್ನೇ ಕೀಟಕ್ಕೂ ಹಿಡಿದದ್ದು ಫಾಬ್ರನ ತಪ್ಪು. ಜೀರುಂಡೆಗೂ ಕಿವಿಯುಂಟು, ಅದು ತನ್ನ ಕುಲದ ಕೂಗಿಗೆ ಹದಗೊಂಡದ್ದು ಎಂಬುದು ಆಮೇಲೆ ತಿಳಿಯಿತು.

1913ರಲ್ಲಿ ವಿಯೆನ್ನಾದ ರೇಗೆನ್ ಗಂಡು ಚಿಮ್ಮಂಡೆಯ ದನಿಯನ್ನು ಟೆಲಿಫೋನಿನಲ್ಲಿ ಕೇಳಿಸಿದಾಗ ಹೆಣ್ಣು ಆ ಉಪಕರಣದತ್ತಲೇ ನಡೆದುಬಂತು. ಗಂಡಿನ ರೂಪವಿಲ್ಲ, ವಾಸನೆಯಿಲ್ಲ, ದನಿಯೊಂದೇ. ಇಷ್ಟು ಅಗ್ಗದ, ಇಷ್ಟು ಚೊಕ್ಕ ಪ್ರಯೋಗ ಅಪರೂಪ.

ಸಂಗಾತಿಯ ದನಿಯಾಯಿತು, ಇನ್ನು ಬೇಟೆಗಾರನದು. ಬಾವಲಿ ಕಿವಿಯಿಂದಲೇ ದಾರಿ ಹುಡುಕುತ್ತದೆಂದು 1790ರ ದಶಕದಲ್ಲೇ ವಿಜ್ಞಾನಿಗಳಾದ ಸ್ಪಲ್ಲಂಜಾನಿ, ಜುರೀನ್ ಕಂಡಿದ್ದರು. ಮನುಷ್ಯರಿಗೆ ಕೇಳದ ಅದರ ಕೂಗನ್ನು 1938ರಲ್ಲಿ ಅಮೆರಿಕದ ಗ್ರಿಫಿನ್ ಮತ್ತು ಪಿಯರ್ಸ್ ಯಂತ್ರದಿಂದ ಹಿಡಿದರು. ಆ ಕೂಗು ಬೇಟೆಯಾಗುವ ಕೀಟಕ್ಕೂ ಕೇಳುತ್ತದೆಯೇ? 1957ರಲ್ಲಿ ರೋಡರ್ ಮತ್ತು ಟ್ರೀಟ್ ಪತಂಗಗಳ ಎದೆಯ ಹಿಂಬದಿಯ ಕಿವಿಯ ನರದಿಂದಲೇ ಉತ್ತರ ಪಡೆದರು. ಅವರು ಪರೀಕ್ಷಿಸಿದ್ದು ಕಾಯಿಕೊರಕದ ಕುಟುಂಬವಾದ ನಾಕ್ಟುಯಿಡೆಯ ಪತಂಗಗಳನ್ನು. ಪ್ರತಿ ಕಿವಿಯಲ್ಲಿ ಸದ್ದು ಹಿಡಿಯುವ ನರಕೋಶಗಳು ಎರಡೇ. ಬಾವಲಿ ಸುಮಾರು 30 ಮೀಟರ್ ದೂರವಿದ್ದಾಗಲೇ ಪತಂಗಕ್ಕೆ ಸುಳಿವು ಸಿಗುತ್ತದೆ. ಅದು ದಿಕ್ಕು ಬದಲಿಸುತ್ತದೆ. ಬಾವಲಿ ತೀರ ಹತ್ತಿರ ಬಂದರೆ ಪತಂಗ ರೆಕ್ಕೆ ಮಡಚಿ ನೆಲಕ್ಕೆ ಬೀಳುತ್ತದೆ. ಎರಡು ಕೋಶಗಳಿಂದ ಇಷ್ಟು ಲೆಕ್ಕಾಚಾರ!

ಕರ್ನಾಟಕದಲ್ಲಿ ಈ ವಿದ್ಯೆಯನ್ನು ಬೆಳೆಸಿದ್ದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರೋಹಿಣಿ ಬಾಲಕೃಷ್ಣನ್ ಅವರ ತಂಡ. ಅವರು ಕುದುರೆಮುಖದ ಕಾಡಿನಲ್ಲಿ ಇರುಳಿನ ಕೀಟಗಳ ದನಿಗಳನ್ನು ಅಧ್ಯಯನ ಮಾಡಿದರು. ಮರಚಿಮ್ಮಂಡೆಗಳಲ್ಲಿ ಸಣ್ಣ ಮೈಯ, ಸಣ್ಣ ದನಿಯ ಗಂಡುಗಳು ಎಲೆಗೆ ತೂತು ಕೊರೆದು ಅದರಲ್ಲಿ ನಿಂತು ದನಿ ಹಿಗ್ಗಿಸಿಕೊಂಡು ಹೆಣ್ಣನ್ನು ಸೆಳೆಯುತ್ತವೆಂದು ಈ ತಂಡ 2020ರಲ್ಲಿ ಪ್ರಕಟಿಸಿತು.

ಕಾಯಿಕೊರಕದ ಗಂಡು ಪತಂಗ ಮಾತ್ರ ಸಂಗಾತಿಯನ್ನು ಹುಡುಕುವುದು ವಾಸನೆಯಿಂದ. ತೊಗರಿ ಹೊಲದಲ್ಲಿ ಕಟ್ಟುವ ಮೋಹಕ ಬಲೆಯಲ್ಲಿ ಇಡುವುದೂ ಹೆಣ್ಣಿನ ವಾಸನೆಯನ್ನೇ.